ಇಸಾಕನ ಪೈಪ್‌ಲೈನ್

ನಾವು ಸುಣ್ಣದ ಪುಡಿಯಿಂದ ಎಳೆದಿದ್ದ ಗೆರೆಯ ಮೇಲೆ ಅವನು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕುಳಿತಿದ್ದ. ಬಿಸಿಲು ಇನ್ನೂ ಏರಿರಲಿಲ್ಲ. ಜೆಸಿಬಿ ಗಡಗಡ ಎನ್ನುತ್ತ ನಿಂತಿತ್ತು. ಅದರ ಡ್ರೈವರು ಮಿರಜ ಕಡೆಯವನು. ಒಮ್ಮೆ ನನ್ನ ಮುಖ, ಒಮ್ಮೆ ಆ ಕುರ್ಚಿ ನೋಡಿ, "ಭಾವು, ಆತಾ ಕಾಯ್ ಕರಾಯಚಂ?" ಎಂದು ಕೇಳಿದ. ಈಗ ಏನು ಮಾಡಬೇಕೆಂದು ನನಗೆ ಗೊತ್ತಿದ್ದರೆ ಅವನು ಕೇಳುವ ಮೊದಲೇ ಮಾಡಿರುತ್ತಿದ್ದೆ.

ಕುರ್ಚಿಯಲ್ಲಿದ್ದವನು ನಮ್ಮ ಕ್ರೈಸ್ತ ಸಭೆಯ ಹಿರಿಯ. ಭಾನುವಾರ ಆರಾಧನೆಯಲ್ಲಿ ಬೈಬಲ್ಲಿನ ವೇದಪಾಠ ಓದುವವನು ಅವನೇ. ಓದುವಾಗ ಅವನ ದನಿ ಎಷ್ಟು ನಯವಾಗಿರುತ್ತದೆ ಎಂದರೆ ತೊಟ್ಟಿಲ ಕೂಸು ಮಲಗಿಬಿಡಬೇಕು. ಎದುರಿಗೆ ಸಿಕ್ಕಾಗ ನಾನು 'ರಿ' ಹಚ್ಚಿಯೇ ಮಾತಾಡುತ್ತಿದ್ದೆ. ಬರೆಯುವಾಗ ಆ ಹಂಗಿಲ್ಲ, ಆದ್ದರಿಂದ ಇಲ್ಲಿ ಏಕವಚನ.

ನನ್ನ ಕಸುಬು ಪೈಪ್‌ಲೈನ್ ಹಾಕುವುದು. ಕೃಷ್ಣೆಯ ದಂಡೆಯ ಮೇಲೆ ನೀರೆತ್ತುವ ಬಾವಿ, ಅಂದರೆ ಜಾಕ್‌ವೆಲ್ ಕಟ್ಟಿ, ಮೋಟಾರು ಕೂಡಿಸಿ, ನೆಲದಡಿಯ ಪೈಪಿನಲ್ಲಿ ದೂರದ ಒಣ ಹೊಲಗಳಿಗೆ ನೀರು ಮುಟ್ಟಿಸುವುದು. ಐನಾಪುರದ ಸುತ್ತ ಎಲ್ಲಿ ನೆಲ ಕೆದರಿದರೂ ಯಾರದೋ ಒಂದು ಪೈಪು ಸಿಗುತ್ತದೆ. ಆ ಬೇಸಿಗೆಯಲ್ಲಿ ಹಾಕುತ್ತಿದ್ದದ್ದು ನಮ್ಮ ಸಭೆಯ ಐದು ಮನೆಯವರು ಕೂಡಿ ಮಾಡಿಸಿದ ಲೈನು. ಪರವಾನಗಿ ಎಲ್ಲ ಸರಿಯಾಗಿತ್ತು. ನಾಲ್ವರ ಹೊಲಗಳಿಗೆ ನೀರು ಬಂದಾಗಿತ್ತು. ಉಳಿದದ್ದು ಕೊನೆಯ ಹೊಲ ಒಂದೇ, ಅದು ನನ್ನ ಅಕ್ಕನದು. ನಾಲ್ಕನೆಯ ಹೊಲಕ್ಕೂ ಅಕ್ಕನ ಹೊಲಕ್ಕೂ ನಡುವೆ ಈ ಹಿರಿಯನ ಹೊಲ ಬರುತ್ತದೆ.

ಅಕ್ಕ ಆ ಹೊಲದಲ್ಲಿ ಹೊಸದಾಗಿ ದ್ರಾಕ್ಷಿ ಮಾಡಲು ಹೊರಟಿದ್ದಳು. ಮೊದಲು ಕಾಡುದ್ರಾಕ್ಷಿಯ ಸಸಿ ನೆಡುತ್ತಾರೆ. ಅದನ್ನು ನಮ್ಮ ಕಡೆ ಜಂಗಲಿ ಎನ್ನುತ್ತಾರೆ. ಬೇಸಿಗೆಯಲ್ಲಿ ಅದಕ್ಕೆ ಚೆನ್ನಾಗಿ ನೀರು ಉಣಿಸಿ ಕಾಂಡ ದಪ್ಪ ಮಾಡಿಕೊಂಡರೆ ಮಳೆಗಾಲ ಮುಗಿಯುವ ಹೊತ್ತಿಗೆ ಒಳ್ಳೆಯ ತಳಿಯ ಕಡ್ಡಿ ಕಸಿ ಮಾಡಬಹುದು. ಬೇಸಿಗೆಯಲ್ಲಿ ನೀರು ತಪ್ಪಿದರೆ ಕಾಂಡ ಪೆನ್ಸಿಲ್ಲಿನಷ್ಟೇ ಉಳಿಯುತ್ತದೆ, ಕಸಿ ಹಿಡಿಯುವುದಿಲ್ಲ, ಇಲ್ಲವೇ ಗಿಡವೇ ಸಾಯುತ್ತದೆ. ಅಕ್ಕ ಟ್ಯಾಂಕರಿನ ನೀರು ಹೊಯ್ದು, ಟ್ಯಾಂಕರ್ ಬಾರದ ದಿನ ತಲೆಯ ಮೇಲೆ ಕೊಡ ಹೊತ್ತು ಆ ಸಸಿಗಳನ್ನು ಬದುಕಿಸಿದ್ದಳು. ಮುಂಗಾರು ಬಿದ್ದರೆ ನಮ್ಮ ಎರೆ ಮಣ್ಣಿನಲ್ಲಿ ಜೆಸಿಬಿ ಇಳಿಯುವುದಿಲ್ಲ. ಅಷ್ಟರೊಳಗೆ ಲೈನು ಮುಟ್ಟಬೇಕಿತ್ತು.

"ಹಿರಿಯಾರ, ಹ್ವಾದ ವಾರ ಹೂಂ ಅಂದಿದ್ರಿ," ಎಂದೆ.

"ಅಂದಿದ್ದೆ. ಈಗ ಒಲ್ಲೆ ಅನ್ನಾಕತ್ತೀನಿ."

"ಬದುವಿನ ಗುಂಟ ಹೋಗತೈತ್ರಿ. ಮೂರು ಫೂಟು ಕೆಳಗ. ನಿಮ್ಮ ನೇಗಿಲಕ್ಕೂ ಹತ್ತೂದಿಲ್ಲ."

"ನನ್ನ ಹೊಲದಾಗ ಏನು ಹತ್ತತೈತಿ, ಏನು ಹತ್ತೂದಿಲ್ಲ ಅಂತ ನೀ ನನಗ ಹೇಳಬ್ಯಾಡ. ನಿಮ್ಮಕ್ಕಗ ಹೇಳು. ನಾ ಕೇಳಿದಾಗ ಆ ಹೊಲಾ ನನಗ ಕೊಟ್ಟಿದ್ರ ಈ ತ್ರಾಸ ಯಾರಿಗೂ ಇರ್ತಿರಲಿಲ್ಲ."

ಅಲ್ಲಿಗೆ ವಿಷಯ ಹೊರಬಿತ್ತು. ಅಕ್ಕನ ಹೊಲದ ಮೇಲೆ ಅವನಿಗೆ ಹಿಂದಿನಿಂದಲೂ ಕಣ್ಣು. ಬಾವ ತೀರಿಕೊಂಡ ವರ್ಷ ಸಂತಾಪ ಹೇಳಲು ಬಂದವನು ಚಹಾ ಕುಡಿದು ಹೊಲದ ಮಾತು ತೆಗೆದಿದ್ದ. ಅಕ್ಕ ಒಲ್ಲೆ ಎಂದಿದ್ದಳು. ಅದನ್ನು ಅವನು ನುಂಗಿಕೊಂಡಿರಲಿಲ್ಲ.

ನನಗೆ ತಡೆಯಲಾಗಲಿಲ್ಲ. "ಚಾಲೂ ಕರ್," ಎಂದು ಡ್ರೈವರನಿಗೆ ಕೈ ಮಾಡಿದೆ. ಬಕೆಟ್ಟು ಮೇಲೆದ್ದಿತು. ಅವನು ಕುರ್ಚಿಯಿಂದ ಏಳಲಿಲ್ಲ. ಅವನ ಧೈರ್ಯವನ್ನು ನಾನು ಈಗಲೂ ಒಪ್ಪುತ್ತೇನೆ, ಆದರೆ ಅದರ ಮೇಲೆ ಗೌರವ ಮಾತ್ರ ಬಂದಿಲ್ಲ. ಅಷ್ಟರಲ್ಲಿ ಸಸಿಗಳ ನಡುವಿನಿಂದ ಅಕ್ಕ ಓಡಿ ಬಂದು ಜೆಸಿಬಿಯ ಮುಂದೆ ನಿಂತಳು.

"ಬಂದ್ ಮಾಡಸು, ತಮ್ಮಾ. ಸಭೆಯೊಳಗ ಹೇಳೂಣು."

"ಸಭೆಯೊಳಗ ಇವರ ಮುಂದನ ಹೇಳಬೇಕಲ್ಲಬೇ. ಹಿರೇರು ಇವರ ಅದಾರಲ್ಲ."

"ಇದ್ರ ಇರಲಿ ಬಿಡು. ಮಾದರಿ ಹಿಡಿಯೂಣು."

ನಮ್ಮ ಸಭೆಯಲ್ಲಿ ಒಂದು ಹಳೆಯ ರೂಢಿಯಿದೆ, ಬೇರೆ ಕಡೆ ನಾನು ಕಂಡಿಲ್ಲ. ಇಬ್ಬರು ವಿಶ್ವಾಸಿಗಳ ನಡುವೆ ತಂಟೆ ಬಂದರೆ ಕೋರ್ಟು ಕಚೇರಿಗೆ ಹೋಗುವ ಮೊದಲು, ಆರಾಧನೆ ಮುಗಿದ ಮೇಲೆ ಇಬ್ಬರೂ ಎಲ್ಲರೆದುರು ನಿಂತು, ವೇದದೊಳಗಿನ ಒಬ್ಬೊಬ್ಬರ ನಡತೆಯನ್ನು ತಮ್ಮ ಮಾದರಿ ಎಂದು ಹೇಳಬೇಕು. ಅದರಂತೆ ನಡೆಯಬೇಕು. ಒಮ್ಮೆ ಹಿಡಿದದ್ದನ್ನು ನಡುವೆ ಬಿಡುವಂತಿಲ್ಲ, ಆ ಕತೆ ಮುಗಿಯುವವರೆಗೂ ನಡೆಸಬೇಕು. ಹಿಂದಿನವರು ಇದನ್ನು ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದಿರಬೇಕು. ಆದರೆ ನಾನು ಕಂಡಂತೆ ಇಲ್ಲಿಯವರೆಗೆ ಯಾರೂ ಫರೋಹನನ್ನು ಹಿಡಿದಿಲ್ಲ, ಯೂದನನ್ನು ಹಿಡಿದಿಲ್ಲ. ಎಲ್ಲರಿಗೂ ಒಳ್ಳೆಯವರೇ ಬೇಕು.

ಆ ಭಾನುವಾರ ಹಿರಿಯ ಮೊದಲು ಎದ್ದ. ಅಂಗಿಯ ತೋಳು ಸರಿಮಾಡಿಕೊಂಡು, ಅದೇ ನಯವಾದ ದನಿಯಲ್ಲಿ, "ನಾ ನಾಬೋತನ ಮಾದರಿ ಹಿಡೀತೀನಿ," ಎಂದ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಾಬೋತನಿಗೆ ಅರಮನೆಯ ಪಕ್ಕದಲ್ಲಿ ಒಂದು ದ್ರಾಕ್ಷಿ ತೋಟವಿತ್ತು. ಅಹಾಬನೆಂಬ ಅರಸ ಅದನ್ನು ಕೇಳಿದ. ಇದು ನನ್ನ ಹಿರಿಯರ ಸ್ವತ್ತು, ಕೊಡುವುದಿಲ್ಲ ಎಂದ ನಾಬೋತ. ಅದಕ್ಕಾಗಿ ಸುಳ್ಳು ಸಾಕ್ಷಿ ಹೇಳಿಸಿ ಅವನನ್ನು ಕಲ್ಲು ಹೊಡೆದು ಕೊಲ್ಲಿಸಿದರು. ಈಗ ನೋಡಿ: ವಿಧವೆಯ ಹೊಲ ಕೇಳಿದವನು ಇವನು, ಕೊಡುವುದಿಲ್ಲ ಎಂದವಳು ನನ್ನ ಅಕ್ಕ, ಆ ಹೊಲದಲ್ಲಿ ಇರುವುದು ದ್ರಾಕ್ಷಿ. ಅಹಾಬ ಎದ್ದು ನಿಂತು ನಾನೇ ನಾಬೋತ ಎನ್ನುತ್ತಿದ್ದಾನೆ, ಸಭೆಯವರು ತಲೆದೂಗುತ್ತಿದ್ದಾರೆ. ನನ್ನ ಮೈಯೆಲ್ಲ ಉರಿಯಿತು.

ಕತ್ತೆಯ ದವಡೆ ಎಲುಬಿನಿಂದ ಸಾವಿರ ವೈರಿಗಳನ್ನು ಬಡಿದು ಕೊಂದ ಸಂಸೋನನನ್ನು ನಾನು ಹಿಡಿಯಬೇಕೆಂದಿದ್ದೆ. ಆ ಎಲುಬು ಸಿಗದಿದ್ದರೂ ನನ್ನ ಹತ್ತಿರ ಪೈಪು ತಿರುಗಿಸುವ ಎರಡೂವರೆ ಅಡಿಯ ಕಬ್ಬಿಣದ ಪಾನಾ ಇತ್ತು. ಬಾಯಿ ತೆರೆಯುವ ಮೊದಲೇ ಅಕ್ಕ ಎದ್ದಳು.

"ಹೊಲಾ ನಂದು, ಮಾದರಿ ನಾ ಹಿಡೀತೀನಿ. ಇಸಾಕ."

ಪಾಸ್ಟರು ಹೊಸಬರು, ಬೇರೆ ಜಿಲ್ಲೆಯವರು. ಈ ರೂಢಿ ಕಂಡು ಅವರಿಗೆ ಮುಜುಗರವಾಗಿತ್ತು. ಆದರೂ ಪುಸ್ತಕ ತೆರೆದು ಕತೆಯನ್ನು ನೆನಪಿಸಿದರು. ಇಸಾಕನು ಬಾವಿ ತೋಡಿಸಿದ. ಗೆರಾರಿನ ಕುರುಬರು ಬಂದು ನೀರು ನಮ್ಮದು ಎಂದು ಜಗಳ ತೆಗೆದರು. ಅವನು ಆ ಬಾವಿಗೆ ಜಗಳ ಎಂದು ಹೆಸರಿಟ್ಟು ಮುಂದೆ ಹೋದ. ಇನ್ನೊಂದು ತೋಡಿಸಿದ, ಅದಕ್ಕೂ ಬಂದರು. ಹಗೆ ಎಂದು ಹೆಸರಿಟ್ಟು ಅಲ್ಲಿಂದಲೂ ಹೋದ. ಮೂರನೆಯದಕ್ಕೆ ಯಾರೂ ಬರಲಿಲ್ಲ.

"ಅಂದ್ರ ನೀವು ಸರದು ಹೋಗ್ತೀರಿ," ಎಂದ ಹಿರಿಯ. ಅವನ ಮುಖದ ಮೇಲಿನ ಕಳೆ ನೋಡಬೇಕಿತ್ತು.

"ಸರದು ಹೋಗ್ತೀವ್ರಿ," ಎಂದಳು ಅಕ್ಕ.

ಹೊರಗೆ ಬಂದ ಮೇಲೆ ಬೇವಿನ ಗಿಡದ ಕೆಳಗೆ ನಾನು ಅವಳನ್ನು ತರಾಟೆಗೆ ತೆಗೆದುಕೊಂಡೆ. "ನಿನ್ನ ಇಸಾಕಗ ಬಾವಿ ತೋಡೂದಿತ್ತಬೇ. ಎಲ್ಲಿ ಬೇಕಾದಲ್ಲಿ ತೋಡಬಹುದು. ನನಗ ಪೈಪಿನ ಲೆವೆಲ್ ಐತಿ, ಬೆಂಡ್ ಐತಿ. ಒಂದೊಂದು ಸಲ ಸರದ್ರ ನೀರಿನ ಜೋರ ಒಂದೊಂದು ಪಾಲು ಕಡಿಮಿ ಆಗತೈತಿ."

"ಎಷ್ಟು ಉಳೀತೈತಿ ಅಷ್ಟ ತಗೊಂಬಾ," ಎಂದಳು.

ಬದುವಿನ ಗುಂಟ ತಂದಿದ್ದ ಪೈಪಿನ ತುದಿ ಹಿರಿಯನ ಗಡಿಯವರೆಗೆ ಬಂದು ನಿಂತಿತ್ತು. ಅದಕ್ಕೆ ಮುಚ್ಚಳ ಬಡಿದೆ. ನೆಲದಿಂದ ಒಂದು ತುಂಡು ಮೇಲೆ ಬರುವಂತೆ ನಿಲ್ಲಿಸಿ, ಹಾದಿಯಲ್ಲಿ ಹೋಗುವವರಿಗೆ ಕಾಣುವಂತೆ ಕೆಂಪು ಬಣ್ಣದಲ್ಲಿ 'ಜಗಳ' ಎಂದು ಬರೆದೆ. ಅದನ್ನು ಕಂಡು ಹಿರಿಯನು ಪಾಸ್ಟರಿಗೆ ದೂರು ಕೊಟ್ಟ. ಪಾಸ್ಟರು ಅಕ್ಕನ ಹತ್ತಿರ ಬಂದರು.

"ಇಸಾಕ ಹೆಸರಿಟ್ಟಿದ್ದ, ಹೌದಲ್ರಿ ಪಾಸ್ಟರ್ರ?" ಎಂದು ಕೇಳಿದಳು ಅಕ್ಕ. ಬರಹ ಹಾಗೇ ಉಳಿಯಿತು. ಆ ದಿನ ನನಗೆ ಇಸಾಕನ ಮೇಲೆ ಸ್ವಲ್ಪ ವಿಶ್ವಾಸ ಹುಟ್ಟಿತು. ನಮ್ಮವರು ಬೋಧನೆಯಲ್ಲಿ ಅವನನ್ನು ಬೆಣ್ಣೆ ಮಾಡಿ ಇಟ್ಟಿದ್ದಾರೆ. ಬಿಟ್ಟುಕೊಟ್ಟನೇನೋ ಹೌದು, ಆದರೆ ಆದದ್ದಕ್ಕೆ ಏನೆನ್ನಬೇಕೋ ಅದನ್ನೇ ಅಂದು ಹೋದವನು ಅವನು.

ಎರಡನೆಯ ದಾರಿ ಚಕ್ಕಡಿ ಹಾದಿಯ ಅಂಚು. ಅದು ಹಿರಿಯನ ಹೊಲವನ್ನು ಸುತ್ತಿ ಬರುತ್ತದೆ, ಊರಿನವರೆಲ್ಲ ಓಡಾಡುವ ಹಾದಿ. ಸುತ್ತು ಹಾಕಿದ್ದರಿಂದ ನಾಲ್ಕು ಬೆಂಡು ಹೆಚ್ಚಿಗೆ ಬಂದವು. ಚಕ್ಕಡಿ, ಟ್ರ್ಯಾಕ್ಟರ್ ಹಾಯುವ ಜಾಗವಾದ್ದರಿಂದ ಚರಿಯನ್ನು, ಅಂದರೆ ಪೈಪು ಕೂಡಿಸುವ ಅಗೆತವನ್ನು, ಇನ್ನೂ ಆಳ ಮಾಡಬೇಕಾಯಿತು. ತಳಕ್ಕೆ ಕಲ್ಲು ಚುಚ್ಚದಂತೆ ಮೆತ್ತನೆಯ ಮಣ್ಣು ಹಾಸಿ, ಪೈಪಿನ ತುದಿ ಒರೆಸಿ, ಸಲ್ಯೂಷನ್ ಅಂಟು ಹಚ್ಚಿ, ತಿರುಗಿಸದೆ ನೇರವಾಗಿ ತುರುಕಿ ಹಿಡಿಯಬೇಕು. ಬಿಸಿಲಲ್ಲಿ ಸಲ್ಯೂಷನ್ ಬೇಗ ಆರಿ ಜಾಯಿಂಟು ಅರ್ಧಕ್ಕೇ ಕಚ್ಚಿಕೊಳ್ಳುತ್ತದೆ, ಆದ್ದರಿಂದ ಬೆಳಗಿನ ತಂಪಿನಲ್ಲಿ ಮಾತ್ರ ಆ ಕೆಲಸ. ಪರೀಕ್ಷೆ ಮಾಡುವವರೆಗೆ ಚರಿ ಮುಚ್ಚುವುದಿಲ್ಲ, ಜಾಯಿಂಟು ಕಣ್ಣಿಗೆ ಕಾಣುತ್ತಿರಬೇಕು. ಅದೇ ನಮಗೆ ಮುಳುವಾಯಿತು.

ಹಾದಿ ಮುಗಿಯಲು ಇನ್ನೇನು ಒಂದು ದಿನದ ಕೆಲಸ ಬಾಕಿ ಇತ್ತು. ಬೆಳಿಗ್ಗೆ ಹೋಗಿ ನೋಡಿದರೆ ಚರಿಯ ತುಂಬ ಕಲ್ಲು. ತಲೆಗಾತ್ರದ ಕಲ್ಲುಗಳನ್ನು ಟ್ರಾಲಿಯಿಂದ ಸುರಿದಿದ್ದರು. ಪೈಪು ಉದ್ದಕ್ಕೂ ಸೀಳಿತ್ತು. ಟ್ರ್ಯಾಕ್ಟರಿನ ಗಾಲಿಯ ಗುರುತು ನೇರವಾಗಿ ಹಿರಿಯನ ಅಂಗಳಕ್ಕೆ ಹೋಗಿತ್ತು. ಗುರುತು ಅಳಿಸುವ ಗೋಜಿಗೂ ಅವನು ಹೋಗಿರಲಿಲ್ಲ.

ಪಾನಾ ಕೈಯಲ್ಲಿ ಹಿಡಿದೇ ಅವನ ಮನೆಗೆ ಹೋದೆ. ಅವನು ಕಟ್ಟೆಯ ಮೇಲೆ ಕುಳಿತು ಪೇಪರ್ ಓದುತ್ತಿದ್ದ.

"ಯಾರು ಹಾಕಿದ್ರೂ ಹಾಕಿರಬೇಕು," ಎಂದ. "ಆ ಹಾದಿ ನಮ್ಮ ಮುತ್ಯಾ ಬಿಟ್ಟಿದ್ದು. ಅಡ್ಯಾಡಾಕ ಬಿಟ್ಟಿದ್ದು, ಅಗಿಯಾಕಲ್ಲ."

"ಭಾನುವಾರ ನೀವು ನಾಬೋತ ಆಗಿದ್ರಿ. ನಾಬೋತ ಎಲ್ಲಿ ಕಲ್ಲು ಹಾಕ್ಯಾನ್ರಿ? ಅವನ ಮ್ಯಾಲ ಕಲ್ಲು ಬಿದ್ದಾವು."

"ಪಾನಾ ಕೆಳಗ ಇಡು, ಆಮ್ಯಾಲ ವೇದಾ ಮಾತಾಡು."

ಅವನ ಕೈಯಲ್ಲಿದ್ದ ಪೇಪರನ್ನು ಕಸಿದು ಹರಿದು ಅಂಗಳದಲ್ಲಿ ಎಸೆದೆ. ಅಷ್ಟೇ ಮಾಡಿದೆ. ಇನ್ನಷ್ಟು ಮಾಡಬೇಕೆಂದು ಕೈ ತುರಿಸುತ್ತಿತ್ತು. ಪೊಲೀಸ್ ಕಂಪ್ಲೇಂಟ್ ಕೊಡೋಣ ಎಂದರೆ ಅಕ್ಕ ಒಪ್ಪಲಿಲ್ಲ. ಅದು ಮಾದರಿಯಲ್ಲಿಲ್ಲವಂತೆ. ನಾನು ಅವಳೊಂದಿಗೆ ಎರಡು ದಿನ ಮಾತು ಬಿಟ್ಟೆ. ಮೂರನೆಯ ದಿನ ಅವಳ ಹೊಲದ ಹಾದಿಯಲ್ಲಿ ಹೋಗುತ್ತಿದ್ದಾಗ ಕಂಡೆ: ಸಸಿಗಳ ತುದಿಯ ಎಲೆಗಳು ಒಳಮುಖವಾಗಿ ಸುರುಟಿಕೊಂಡಿದ್ದವು. ಟ್ಯಾಂಕರಿನವನು ಕಬ್ಬಿನವರಿಗೆ ನೀರು ಒಯ್ಯುತ್ತಿದ್ದ, ಇವಳ ಪಾಲಿಗೆ ಬರುವುದನ್ನೇ ಬಿಟ್ಟಿದ್ದ. ಅಕ್ಕ ಒಂದೊಂದು ಬುಡಕ್ಕೆ ಒಂದೊಂದು ತಂಬಿಗೆ ನೀರು ಹೊಯ್ಯುತ್ತ ಸಾಲಿನ ನಡುವೆ ಕುಕ್ಕರಗಾಲಲ್ಲಿ ಸರಿಯುತ್ತಿದ್ದಳು. ನನ್ನ ಕಡೆ ತಲೆ ಎತ್ತಿ ನೋಡಲಿಲ್ಲ. ಸೀಳಿದ ಪೈಪಿನ ತುಂಡೊಂದನ್ನು ಹಾದಿಯ ಅಂಚಿಗೆ ನೆಟ್ಟು 'ಹಗೆ' ಎಂದು ಬರೆದು ಮೂರನೆಯ ದಾರಿ ಹುಡುಕಲು ಹೊರಟೆ.

ಉಳಿದದ್ದು ದಿಬ್ಬದ ಮೇಲಿನ ದಾರಿ ಒಂದೇ. ಯಾವ ಪೈಪ್‌ಲೈನಿನವನೂ ತಾನಾಗಿ ಆರಿಸುವ ದಾರಿಯಲ್ಲ ಅದು. ಏರು, ಇಳಿತ, ನಡುವೆ ಗರಸು ಕಲ್ಲಿನ ಮುರುಮು. ದಿಬ್ಬದ ಮೇಲೆ ಒಬ್ಬ ವಯಸ್ಸಾದ ಜೈನ ರೈತರ ದ್ರಾಕ್ಷಿ ತೋಟ. ಊರೆಲ್ಲ ಅವರನ್ನು ತಾತ್ಯಾ ಎನ್ನುತ್ತದೆ. ಅವರಿಗೂ ನಮಗೂ ಯಾವ ಬಳಕೆಯೂ ಇರಲಿಲ್ಲ. ಸ್ವಂತ ಸಭೆಯವನೇ ಎರಡು ಸಲ ಅಟ್ಟಿದ ಮೇಲೆ ಪರರ ಬಾಗಿಲಿಗೆ ಹೋಗಲು ನನಗೆ ನಾಚಿಕೆಯಾಯಿತು. ಹೋದೆ.

ತಾತ್ಯಾ ಎಲ್ಲ ಕೇಳಿ, "ನಮ್ಮ ಬಳ್ಳಿ ಬೇರಿಗೆ ಪೆಟ್ಟ ಆಗಬಾರ್ದು. ತ್ವಾಟದಾಗ ಕೈಯಾಗ ಅಗೀರಿ, ಮಶೀನ್ ಬ್ಯಾಡ," ಎಂದರು.

"ಆತ್ರಿ ತಾತ್ಯಾ."

"ಇನ್ನೊಂದು. ಅಗದದ್ದು ರಾತ್ರಿ ತೆರದ ಇರಬಾರ್ದು. ಹುಳಾ ಹುಪ್ಪಡಿ, ಓತಿಕ್ಯಾತ ಬಿದ್ದು ಸಾಯ್ತಾವ. ಎಷ್ಟು ಅಗೀತೀರಿ ಅಷ್ಟು ಹೊತ್ತು ಮುಳಗೂದ್ರಾಗ ಮುಚ್ಚರಿ. ಅಷ್ಟ ನಂದು ಹಟ್ಟ."

ಆ ಹಟ ನನ್ನ ಕೆಲಸವನ್ನು ತಲೆಕೆಳಗು ಮಾಡಿತು. ಸಲ್ಯೂಷನ್ ಹಚ್ಚಿದ ಜಾಯಿಂಟು ಗಟ್ಟಿಯಾಗಲು ಒಂದು ರಾತ್ರಿಯಾದರೂ ಅಲುಗಾಡದೆ ಇರಬೇಕು. ಚರಿಯಲ್ಲೇ ಕೂಡಿಸಿದರೆ ಆವತ್ತೇ ಮುಚ್ಚಲಾಗುವುದಿಲ್ಲ, ಮುಚ್ಚಿದರೆ ಮಣ್ಣಿನ ಭಾರಕ್ಕೆ ಜಾಯಿಂಟು ಸರಿಯುತ್ತದೆ. ಒಂದು ಇಡೀ ದಿನ ತಲೆ ಕೆರೆದುಕೊಂಡು ಕೊನೆಗೆ ಹೀಗೆ ಮಾಡಿದೆ: ಹಿಂದಿನ ದಿನವೇ ನೆಲದ ಮೇಲೆ ಪೈಪುಗಳನ್ನು ಸಾಲಾಗಿ ಕೂಡಿಸಿ ಉದ್ದನೆಯ ಸರ ಮಾಡಿಡುವುದು, ಮರುದಿನ ಚರಿ ಅಗೆದು, ಆ ಸರವನ್ನು ಎತ್ತಿ ಒಮ್ಮೆಗೇ ಇಳಿಸಿ, ಸಂಜೆಯೊಳಗೆ ಮಣ್ಣು ಎಳೆಯುವುದು. ಸರ ನಡುವೆ ಬಾಗಿದರೆ ಜಾಯಿಂಟು ಬಿಡುತ್ತದೆ. ಎತ್ತಲು ಸಾಲಾಗಿ ಬಹಳ ಜನ ಬೇಕು, ಎಲ್ಲರೂ ಒಂದೇ ಸಲಕ್ಕೆ ಎತ್ತಬೇಕು, ಒಂದೇ ಸಲಕ್ಕೆ ಬಗ್ಗಬೇಕು.

ಉಳಿದ ನಾಲ್ಕು ಮನೆಯವರು ಬಂದರು. ಅವರ ಮೇಲೂ ನನಗೆ ಸಿಟ್ಟಿತ್ತು. ತಮ್ಮ ಹೊಲಕ್ಕೆ ನೀರು ಬಂದಿದ್ದರಿಂದ ಭಾನುವಾರ ಎಲ್ಲರೂ ಬಾಯಿ ಹೊಲಿದುಕೊಂಡು ಕುಳಿತಿದ್ದರು. ಈಗ ಬಂದು ಪೈಪಿನ ಗುಂಟ ನಿಂತರು, ನಾನೂ ಕೈ ಮಾಡಿ ಎತ್ತಿಸಿದೆ. ಪಾಸ್ಟರು ಪ್ಯಾಂಟು ಮಡಚಿ ಸಾಲಿನಲ್ಲಿ ನಿಂತಿದ್ದರು. ಅವರಿಗೆ ಎತ್ತಲು ಬರುತ್ತಿರಲಿಲ್ಲ, ಆದರೂ ಬಿಡಲಿಲ್ಲ. ಸಂಜೆ ತಾತ್ಯಾ ಬ್ಯಾಟರಿ ಹಿಡಿದು ಬಂದು, ಮುಚ್ಚಿದ ಚರಿಯ ಗುಂಟ ನಡೆದು ನೋಡಿ ಹೋಗುತ್ತಿದ್ದರು.

ಲೈನು ಅಕ್ಕನ ಹೊಲ ಮುಟ್ಟಿತು. ನದಿಯ ದಂಡೆಗೆ ಫೋನ್ ಮಾಡಿ ಮೋಟಾರು ಹಾಕಿಸಿದೆ. ಅಕ್ಕ ಪೈಪಿನ ಬಾಯಿಯ ಹತ್ತಿರ ಸಲಿಕೆ ಹಿಡಿದು ನಿಂತಳು. ಗಾಳಿ ಬಂತು. ಒಂದಿಷ್ಟು ಹೊತ್ತು ಬರೀ ಗಾಳಿ ಬಂತು, ಆಮೇಲೆ ಅದೂ ನಿಂತಿತು. ಮೋಟಾರು ಓಡುತ್ತಲೇ ಇದೆ, ಇಲ್ಲಿ ಹನಿ ಇಲ್ಲ. ದಿಬ್ಬದ ನೆತ್ತಿಯಲ್ಲಿ ಗಾಳಿ ಸಿಕ್ಕಿಕೊಂಡು ನೀರನ್ನು ತಡೆದಿತ್ತು. ಏರಿನ ಮೇಲೆ ಏರ್ ವಾಲ್ವ್ ಕೂಡಿಸಬೇಕೆಂಬುದು ನನಗೆ ಗೊತ್ತಿಲ್ಲದ್ದಲ್ಲ, ನೀರು ಮುಟ್ಟಿಸಿದ ಮೇಲೆ ಕೂಡಿಸಿದರಾಯಿತು ಎಂದು ಅವಸರ ಮಾಡಿದ್ದೆ. ದಿಬ್ಬ ಹತ್ತುವಷ್ಟರಲ್ಲಿ ಆಚೆಯ ಇಳಿಜಾರಿನಲ್ಲಿ ಧಡ್ ಎಂದು ಸದ್ದಾಯಿತು. ಒತ್ತಡಕ್ಕೆ ಕೆಳಗಿನ ಬೆಂಡು ಕಿತ್ತುಕೊಂಡು, ತಾತ್ಯಾ ಅವರ ತೋಟದ ಅಂಚಿನಲ್ಲಿ ಕೆಸರು ಉಕ್ಕುತ್ತಿತ್ತು.

ಆಗ ಚಕ್ಕಡಿ ಹಾದಿಯಲ್ಲಿ ಹಿರಿಯ ನಿಂತಿದ್ದ. ಕೈ ಹಿಂದೆ ಕಟ್ಟಿಕೊಂಡು ನೋಡಿ, ನಕ್ಕು ಹೋದ. ಆ ನಗೆಯನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ.

ಬೆಂಡಿನ ಹಿಂದೆ ಕಾಂಕ್ರೀಟಿನ ಗಡ್ಡೆ ಹಾಕಿ ಅದನ್ನು ನೆಲಕ್ಕೆ ಕಚ್ಚಿಸಿದೆ. ನೆತ್ತಿಯಲ್ಲಿ ಏರ್ ವಾಲ್ವ್ ಏರಿಸಿದೆ. ಕಾಂಕ್ರೀಟು ಒಣಗುವವರೆಗೆ ಮೋಟಾರು ಹಾಕುವಂತಿರಲಿಲ್ಲ. ಆ ದಿನಗಳಲ್ಲಿ ಅಕ್ಕ ಸಾಲುಗಳ ನಡುವೆ ತಂಬಿಗೆ ಹಿಡಿದು ಸರಿಯುವುದನ್ನು ನೋಡಲಾರದೆ ನಾನು ಅತ್ತ ಹೋಗುವುದನ್ನೇ ಬಿಟ್ಟೆ. ಎರಡನೆಯ ಸಲ ಮೋಟಾರು ಹಾಕಿದಾಗ ಏರ್ ವಾಲ್ವ್ ಸಿಳ್ಳೆ ಹೊಡೆಯಿತು, ಸಿಳ್ಳೆ ನಿಂತಿತು, ಅಕ್ಕನ ಹೊಲದಲ್ಲಿ ಪೈಪು ಕೆಮ್ಮಿ ಕೆಂಪು ನೀರು ಕಾರಿತು, ಹಿಂದೆಯೇ ತಿಳಿ ನೀರು. ಅಕ್ಕ ಸಲಿಕೆ ಬಿಟ್ಟು ಕೆಸರಿನಲ್ಲೇ ಕುಳಿತು ಅತ್ತಳು. ನೀರಿನ ಜೋರು ನಾನು ಹೇಳಿದಷ್ಟೇ ಕಡಿಮೆಯಾಗಿತ್ತು. ಐದು ಮನೆಯವರೂ ಪಾಳಿಯಂತೆ ನೀರು ಬಿಟ್ಟುಕೊಳ್ಳುತ್ತಾರೆ. ಅವಳ ಪಾಳಿಯ ಹೊತ್ತಿನಲ್ಲಿ ಎಲ್ಲ ಸಾಲುಗಳಿಗೂ ಸರಿಯಾಗಿ ಸಾಕಾಗುತ್ತಿತ್ತು, ಒಂದು ಕೊಡವೂ ಮಿಗುತ್ತಿರಲಿಲ್ಲ.

ಸುರುಟಿದ ಎಲೆಗಳು ಬಿಚ್ಚಿಕೊಂಡವು. ನನ್ನ ಪಾಲಿಗೆ ಕೆಲಸ ಮುಗಿದಿತ್ತು.

ಅಷ್ಟರಲ್ಲಿ ಹಿರಿಯನ ಬೋರು ಬತ್ತಿತು. ಸುದ್ದಿ ಕೇಳಿದ ದಿನ ನನಗೆ ಸಂತೋಷವಾಯಿತು. ಅದನ್ನು ಮುಚ್ಚಿಡುವುದಿಲ್ಲ. ಅವನು ಇನ್ನೊಂದು ಬೋರು ಹೊಡೆಸಿದ, ಧೂಳು ಬಂತು, ನನಗೆ ಇನ್ನಷ್ಟು ಸಂತೋಷವಾಯಿತು. ಆಗಷ್ಟೇ ನೆಟ್ಟಿದ್ದ ಅವನ ಕಬ್ಬು ಹಳದಿಗೆ ತಿರುಗುವುದನ್ನು ನೋಡಲು ಬೇಕೆಂದೇ ಆ ಹಾದಿಯಲ್ಲಿ ಬೈಕು ಹೊಡೆಯುತ್ತಿದ್ದೆ.

ಒಂದು ಮಧ್ಯಾಹ್ನ ಪಾಸ್ಟರನ್ನು ಜೊತೆಗೆ ಕರೆದುಕೊಂಡು ಅವನು ಅಕ್ಕನ ಮನೆಗೆ ಬಂದ. ನಾನು ಪಡಸಾಲೆಯಲ್ಲಿ ವಾಲ್ವ್ ಒಂದನ್ನು ಬಿಚ್ಚಿ ಹರವಿಕೊಂಡು ಕುಳಿತಿದ್ದೆ. ಪೀಠಿಕೆ ಏನೂ ಹಾಕಲಿಲ್ಲ.

"ನಿಮ್ಮ ಲೈನಿಗೆ ನನ್ನದೊಂದು ಕನೆಕ್ಷನ್ ಕೊಡ್ರಿ. ಬೇಕಾದ್ರ ಮೊದಲಿನಂಗ ನನ್ನ ಬದುವಿನ ಗುಂಟ ಹಾಕ್ಕೋರಿ. ನಾ ಏನೂ ಅನ್ನೂದಿಲ್ಲ."

ನಾನು ಪಾನಾ ಕೆಳಗಿಟ್ಟೆ. "ನಮ್ಮ ಮ್ಯಾಲ ಹಗೆ ಸಾಧಿಸಿ ನಮ್ಮನ್ನ ಅಟ್ಟಿದವ ನೀ. ಈಗ ಯಾಕ ಬಂದಿ? ಯಾವ ಮುಖಾ ಇಟಗೊಂಡು ಬಂದಿ?" ಮೊದಲ ಬಾರಿಗೆ ಎದುರಿಗೇ 'ರಿ' ಬಿಟ್ಟುಹೋಗಿತ್ತು.

ಪಾಸ್ಟರು ನನ್ನನ್ನು ಒಂದು ಥರ ನೋಡಿದರು. ಅವರು ಏನೋ ಹೇಳುವ ಮೊದಲೇ ಹಿರಿಯ ತಣ್ಣಗೆ, "ನಾವೇನು ಕೆಟ್ಟ ಮಾಡೇವಿ ನಿಮಗ? ನಿಮ್ಮನ್ನ ಯಾರರ ಮುಟ್ಟೇವೇನು? ಸಮಾಧಾನದಿಂದ ಹೋಗ್ರಿ ಅಂದೇವಿ, ಹೋದ್ರಿ. ಈಗ ದೇವರು ನಿಮಗ ನೀರು ಕೊಟ್ಟಾನ," ಎಂದ.

ನಾನು ಎದ್ದೇಬಿಟ್ಟೆ. ಪಾಸ್ಟರು ನನ್ನ ತೋಳು ಹಿಡಿದು ಬಾಗಿಲಾಚೆ ಎಳೆದು ತಂದರು. "ನಿಮಗೆ ನೆನಪಿಲ್ಲವೇನ್ರಿ? ಮೂರನೇ ಬಾವಿ ಆದ ಮೇಲೆ ಗೆರಾರಿನ ಅರಸ ಇಸಾಕನ ಹತ್ರ ಬರ್ತಾನೆ. ಹಗೆಮಾಡಿ ಹೊರಗೆ ಹಾಕಿದವರು ಈಗ ಯಾಕೆ ಬಂದಿರಿ ಅಂತ ಇಸಾಕ ಕೇಳ್ತಾನೆ. ಅರಸ ಹೇಳೋದೂ ಇದೇನೇ, ನಾವು ನಿಮಗೆ ಒಳ್ಳೇದು ಬಿಟ್ಟು ಬೇರೇನೂ ಮಾಡಿಲ್ಲ ಅಂತ."

"ಅದು ಸುಳ್ಳಲ್ರಿ."

"ಸುಳ್ಳೇ. ಆದ್ರೆ ಇಸಾಕ ಅದನ್ನ ಸುಳ್ಳು ಅಂತ ವಾದ ಮಾಡೋದಿಲ್ಲ. ಊಟಕ್ಕೆ ಹಾಕ್ತಾನೆ, ಒಪ್ಪಂದ ಮಾಡ್ಕೋತಾನೆ, ಬೆಳಿಗ್ಗೆ ಕಳಿಸ್ತಾನೆ. ಕತೆ ಮುಗಿಯೋದು ಅಲ್ಲಿಗೆ."

ಒಳಗೆ ನೋಡಿದರೆ ಅಕ್ಕ ಇರಲಿಲ್ಲ. ಹಿತ್ತಲಿನಲ್ಲಿ ಕೋಳಿ ಹಿಡಿಯುತ್ತಿದ್ದಳು. ಇವಳಿಗೆ ಮೊದಲ ದಿನದಿಂದಲೇ ಕತೆಯ ಕೊನೆ ಗೊತ್ತಿತ್ತು. ಗೊತ್ತಿದ್ದೇ ಅದನ್ನು ಹಿಡಿದಿದ್ದಳು.

ಹಿಂದೆ ಹೋಗಿ ಅವಳ ಮುಂದೆ ನಿಂತೆ. "ಅಕ್ಕಾ, ಉಳಿದವರು ತಮ್ಮ ಪಾಳಿ ಬಿಡೂದಿಲ್ಲ, ಅವಗ ನೀರು ಕೊಟ್ರ ನಿನ್ನ ಪಾಳಿ ಒಡೀತೈತಿ. ಬದುವಿನ ಗುಂಟ ಲೈನ್ ತಿರಗಿ ಹಾಕಾಕ ನಮ್ಮ ಕಡೆ ರೊಕ್ಕ ಉಳದಿಲ್ಲ. ಕೊನೀ ಸಾಲಿನ ಗಿಡಾ ಕಸಿಗೆ ಬರೂದಿಲ್ಲ. ಬೇಸಗಿ ಎಲ್ಲಾ ತಂಬಗಿಲೆ ನೀರು ಹಾಕಿ ಬದುಕಿಸಿದ ಗಿಡಾ ಅವು."

"ಎಷ್ಟು ಸಾಲು ಹೋಗ್ತಾವ?"

"ಮೂರು. ನಾಕೂ ಹೋಗಬಹುದು."

ಅವಳು ಕೋಳಿಯ ಕಾಲು ಬಿಗಿದು ಕಟ್ಟಿದಳು. "ಸಣ್ಣ ವಾಲ್ವ್ ಕೂಡಸು. ಚಾವಿ ನನ್ನ ಕಡೆ ಇರಲಿ. ಅವರ ಕೈಯಾಗ ಕೊಡಬ್ಯಾಡ."

ಆ ಊಟವನ್ನು ನಾನು ಹಲ್ಲು ಕಚ್ಚಿಕೊಂಡು ಕುಳಿತು ಉಂಡೆ. ಕೋಳಿ ಸಾರು, ಬಿಸಿ ರೊಟ್ಟಿ. ಅಕ್ಕ ಕಾಲಿನ ತುಂಡು ಅವನ ತಾಟಿಗೆ ಹಾಕಿದಳು, ನನಗೆ ಕುತ್ತಿಗೆ ಬಂತು. ಊಟವಾದ ಮೇಲೆ, ಲೈನಿನ ಯಾವ ಜಾಯಿಂಟನ್ನೂ ಮುಟ್ಟುವುದಿಲ್ಲ, ಪಾಳಿ ಮೀರುವುದಿಲ್ಲ ಎಂದು ಪಾಸ್ಟರ ಎದುರು ಅವನ ಬಾಯಿಂದ ಹೇಳಿಸಿದಳು. ಕಲ್ಲಿನ ಮಾತನ್ನು ಅವನು ಎತ್ತಲಿಲ್ಲ. ತಪ್ಪಾಯಿತು ಎನ್ನಲಿಲ್ಲ. ಕೈ ತೊಳೆದು, "ಸಾರು ಛಲೋ ಆಗಿತ್ತು," ಎಂದು ಹೋದ.

ಮರುದಿನ ಅಕ್ಕನ ಹೊಲಕ್ಕೆ ಹತ್ತಿದ ಅವನ ಗಡಿಯ ಹತ್ತಿರ ಚರಿ ತೆರೆದು, ಲೈನಿನ ಪೈಪು ಕೊಯ್ದು, ಕವಲು ಕೂಡಿಸಿ, ಎರಡು ಇಂಚಿನ ವಾಲ್ವ್ ಬಿಗಿದೆ. ನನ್ನ ಕಸುಬಿನಲ್ಲಿ ಯಾವ ಜಾಯಿಂಟನ್ನೂ ಅಷ್ಟು ಸಿಟ್ಟಿನಿಂದ ಬಿಗಿದಿಲ್ಲ. ಅದು ಈವರೆಗೆ ಒಂದು ಹನಿಯೂ ಸೋರಿಲ್ಲ. ಸಂಜೆ ಅಕ್ಕ ಚಾವಿ ಸೆರಗಿನಲ್ಲಿ ಕಟ್ಟಿಕೊಂಡು ಬಂದಳು. ಅವಳ ಪಾಳಿಯ ನೀರು ಆಗಷ್ಟೇ ಕೊನೆಯ ಸಾಲುಗಳ ಕಡೆ ಹರಿಯಲು ಹತ್ತಿತ್ತು. ಅವನು ತನ್ನ ಹೊಲದಲ್ಲಿ ಸಲಿಕೆ ಹಿಡಿದು ಕಾಯುತ್ತಿದ್ದ.

"ಇನ್ನೂ ಹೊತ್ತೈತಿ. ಬ್ಯಾಡ ಅನ್ನು," ಎಂದೆ. "ಅಂಥವನ ಮ್ಯಾಲ ಹ್ಯಾಂಗ ಪ್ರೀತಿ ಬಂತಬೇ ನಿನಗ?"

"ಪ್ರೀತಿ?" ಅಕ್ಕ ನನ್ನ ಕಡೆ ನೋಡಿದಳು. ಬಾವನ ಮಣ್ಣಿನ ದಿನವೂ ಅವಳ ಮುಖ ಅಷ್ಟು ಬಿಗಿದಿರಲಿಲ್ಲ. "ಇಸಾಕ ಅವರಿಗೆ ಊಟಕ್ಕ ಹಾಕಿದ ಅಂತ ಬರದೈತಿ. ಪ್ರೀತಿ ಮಾಡಿದ ಅಂತ ಎಲ್ಲೂ ಬರದಿಲ್ಲ. ಪ್ರೀತಿ ಬಂದಿದ್ರ ಇದರಾಗ ತ್ರಾಸ ಏನಿತ್ತು?"

ಸೆರಗಿನ ಗಂಟು ಬಿಚ್ಚಿ ಚಾವಿಯನ್ನು ನನ್ನ ಕೈಗೆ ಕೊಟ್ಟಳು. ನಾನು ಬಗ್ಗಿ ವಾಲ್ವ್ ತಿರುಗಿಸಿದೆ. ನೀರು ಅವನ ಹೊಲಕ್ಕೆ ನುಗ್ಗಿತು. ಅಕ್ಕ ತನ್ನ ಕೊನೆಯ ಸಾಲುಗಳ ಹತ್ತಿರ ಹೋಗಿ, ಅಲ್ಲಿ ಹರಿವು ಸಣ್ಣಗಾಗಿ ನಿಲ್ಲುವವರೆಗೂ ನೋಡುತ್ತ ನಿಂತಳು.